ಹಾಡಿದವರ ಹೆಸರು, ಊರು

ಕನಕಪುರ
12 ಜೂನ್ 2007

ಪ್ರಿಯ ರಾಧಾಮಣಿ,

ನೀನು ಕಳಿಸಿದ ರೆಕಾರ್ಡರ್ ಬೆಂಕಿಪೊಟ್ಟಣಕ್ಕಿಂತ ಒಸಿ ದೊಡ್ಡದು, ಆದರೂ ನನ್ನ ಮಾತು ಕೇಳುತ್ತದೆ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ನೀನು ಕೇಳುತ್ತಿದ್ದುದಕ್ಕಿಂತ ಚೆನ್ನಾಗಿಯೇ ಕೇಳುತ್ತದೆ. ನಿವೃತ್ತ ಕನ್ನಡ ಮೇಷ್ಟ್ರನ್ನು ಹಾಡು ಹುಡುಕಲು ಬಿಟ್ಟಿದ್ದೀಯೆ. ಮನೆಯವಳು ತೀರಿಕೊಂಡ ಮೇಲೆ ಮಧ್ಯಾಹ್ನಗಳು ಬಹಳ ಉದ್ದವಾಗಿದ್ದವು, ಈಗ ಪರವಾಗಿಲ್ಲ.

ಈ ಸೀಡಿಯಲ್ಲಿ ಐದು ಹಾಡುಗಳಿವೆ. ಐದನೆಯದನ್ನು ಮೊದಲು ಕೇಳು. ಬಸ್ಸು ತಪ್ಪಿ ನಿಂತಿದ್ದಾಗ ನಿಲ್ದಾಣದ ಹಿಂದಿನ ಮನೆಯಿಂದ ಬೀಸುವ ಕಲ್ಲಿನ ಸದ್ದು ಬಂತು. ಕಲ್ಲಿನ ಸದ್ದು ಕೇಳಿಯೇ ಹತ್ತು ವರ್ಷವಾಗಿತ್ತು. ಹೋಗಿ ನೋಡಿದರೆ ಅದು ಗುಲ್ಜಾರ್ ಬೀ ಎಂಬ ವಿಧವೆಯ ಮನೆ. ಮೆಣಸಿನ ಪುಡಿ, ಸಾಂಬಾರು ಪುಡಿ ಮಾಡಿ ಮಾರುತ್ತಾರೆ. ಅವರ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ ಪಡಸಾಲೆಯಲ್ಲಿ ಬೀಸುತ್ತ ಹಾಡುತ್ತಿದ್ದಳು. ನನ್ನನ್ನು ಕಂಡೊಡನೆ ಹಾಡು ನಿಂತಿತು. ಮೂರು ಸಲ ಹೋದ ಮೇಲೆ, ನಾಲ್ಕನೆಯ ಸಲ ನನಗಾಗಿ ಹಾಡಿದಳು.

ನಿನ್ನ ಫಾರಂ ತುಂಬುವುದು ಮಾತ್ರ ಕಷ್ಟ. ಹಾಡಿನ ವೇಗ ಎಷ್ಟು ಎಂದು ಕೇಳಿದ್ದೀಯೆ. ಕಲ್ಲಿನ ಬಾಯಿಗೆ ಕಾಳು ಹಾಕಿದಾಗ ಹಾಡು ಭಾರ, ಕಾಳು ಸವೆದಂತೆ ಹಗುರ. ಯಾವುದನ್ನು ಬರೆಯಲಿ? ರಚಿಸಿದವರು ಯಾರು ಎಂದಿದ್ದೀಯೆ. ಆ ಪ್ರಶ್ನೆಗೆ ಹುಡುಗಿ ನಕ್ಕಳು. ನಕ್ಕಿದ್ದು ಅದೊಂದೇ ಸಲ. ಹಾಡಿದವರ ಹೆಸರು, ಊರು ಎರಡನ್ನೂ ನಾನು ಖಾಲಿ ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ.

ನಿನ್ನ ಮೇಷ್ಟ್ರು,
ರಾಮಲಿಂಗಯ್ಯ

*

ಪುಣೆ
27 ಜೂನ್ 2007

ಪೂಜ್ಯ ಮೇಷ್ಟ್ರಿಗೆ,

ಐದನೆಯ ಹಾಡನ್ನು ಕೇಳಿ ಎದ್ದು ಓಡಾಡಿಬಿಟ್ಟೆ. ಪಕ್ಕದ ಮೇಜಿನವರು ಏನಾಯಿತೆಂದು ಕೇಳಿದರು. ಹದಿನೇಳು ನುಡಿ! ಬೀಸುವ ಪದಗಳು ನಮ್ಮ ಸಂಗ್ರಹಾಲಯದಲ್ಲಿ ನಲವತ್ತು ಇವೆ, ಯಾವುದೂ ಆರು ನುಡಿ ದಾಟಿಲ್ಲ.

ಫಾರಂ ಬಗ್ಗೆ ನೀವು ಬೈದದ್ದು ನ್ಯಾಯವೇ. ಜಗತ್ತಿನ ಸಂಗೀತವನ್ನೆಲ್ಲ ಒಂದೇ ಬಗೆಯ ಕಾಲಂಗಳಲ್ಲಿ ಹಿಡಿಯಲು ಹೊರಟಿದ್ದೇವೆ. ಬಾಲಿ ದ್ವೀಪದ ಒಂದು ಊರಿನ ವಾದ್ಯಗಳ ಶ್ರುತಿ ಪಕ್ಕದ ಊರಿನ ವಾದ್ಯಗಳಿಗೆ ಕೂಡುವುದಿಲ್ಲ, ಅದಕ್ಕೆ ಒಂದು ಕಾಲಂ ಮಾಡಿದೆವು. ಮಾಲಿ ದೇಶದಲ್ಲಿ ಹಾಡು ಒಂದು ಮನೆತನದ್ದು, ಒಬ್ಬರದ್ದಲ್ಲ, ಅದಕ್ಕೆ ಇನ್ನೊಂದು. ನಿಮ್ಮ ಹುಡುಗಿಗಾಗಿ ವೇಗದ ಕಾಲಂ ಅನ್ನೂ ಬದಲಿಸುತ್ತೇನೆ. ‘ಕೆಲಸವನ್ನು ಅನುಸರಿಸಿ’ ಎಂದು ಬರೆಯಲು ಬರುವಂತೆ ಮಾಡುತ್ತೇನೆ.

ಹೆಸರು, ಊರು ಮಾತ್ರ ಬೇಕೇ ಬೇಕು ಮೇಷ್ಟ್ರೇ. ಅವು ಖಾಲಿಯಿದ್ದರೆ ಕಂಪ್ಯೂಟರ್ ದಾಖಲೆಯನ್ನೇ ಒಪ್ಪುವುದಿಲ್ಲ. ಹಾಗೆ ಕಟ್ಟಿಸಿದವಳು ನಾನೇ. ಕಾರಣ ನಿಮಗೆ ಹೇಳಿರಲಿಲ್ಲ. ನಮ್ಮವ್ವ ನಾಟಿ ಗದ್ದೆಯಲ್ಲಿ ಹಾಡಿದ್ದನ್ನು ಯಾರೋ ವಿದ್ವಾಂಸರು ಟೇಪು ಮಾಡಿಕೊಂಡು ಹೋಗಿದ್ದರು. ಆ ಟೇಪು ನನಗೆ ಇಲ್ಲಿ ಸಿಕ್ಕಿತು. ಮೇಲೆ ಬರೆದಿತ್ತು: ‘ಹಳ್ಳಿ ಹೆಂಗಸು, ಹೆಸರಿಲ್ಲ.’ ಅವ್ವನಿಗೆ ಹೆಸರಿತ್ತು. ಅವರು ಕೇಳಲಿಲ್ಲ, ಅಷ್ಟೇ. ಇನ್ನೊಬ್ಬಳಿಗೆ ಹಾಗಾಗಬಾರದು. ದಯವಿಟ್ಟು ಹೆಸರು ಕಳಿಸಿ.

ನಿಮ್ಮ ಶಿಷ್ಯೆ,
ರಾಧಾಮಣಿ

*

ಕನಕಪುರ
10 ಜುಲೈ 2007

ರಾಧಾಮಣಿ,

ನಿನ್ನ ತಾಯಿಯ ಸಂಗತಿ ಓದಿ ಸಂಕಟವಾಯಿತು. ನೀನು ಹೇಳುವುದು ಸರಿ. ಆದರೆ ಈ ಒಂದು ಹಾಡಿಗೆ ಹೆಸರು ಬೇಡ. ಹುಡುಗಿಗೆ ಸಂಕೋಚ ಜಾಸ್ತಿ. ಹೆಸರು ಎಲ್ಲಿಯೂ ಬರಬಾರದು ಎಂದಿದ್ದಾಳೆ, ನಾನು ಒಪ್ಪಿಕೊಂಡಿದ್ದೇನೆ. ನಿನ್ನ ಕಂಪ್ಯೂಟರ್ ಒಪ್ಪದಿದ್ದರೆ ಈ ಹಾಡನ್ನು ಪಕ್ಕಕ್ಕಿಡು, ಉಳಿದ ನಾಲ್ಕನ್ನು ಸೇರಿಸು.

ನಾನು ಕಳಿಸುವ ಪತ್ರಗಳನ್ನು ನಿಮ್ಮ ಕಚೇರಿಯಲ್ಲಿ ಯಾರು ಒಡೆಯುತ್ತಾರೆ? ನೀನೇ ಒಡೆಯುತ್ತೀಯೋ ಅಥವಾ ಬೇರೆಯವರೋ? ತಿಳಿಸು.

ಇಲ್ಲಿ ಸೆಖೆ. ಮಳೆ ಬಂದ ಹಾಗೆ ಮಾಡಿ ಹೋಗುತ್ತಿದೆ.

ರಾಮಲಿಂಗಯ್ಯ

*

ಪುಣೆ
7 ಸೆಪ್ಟೆಂಬರ್ 2007

ಪೂಜ್ಯ ಮೇಷ್ಟ್ರಿಗೆ,

ಎರಡು ತಿಂಗಳು ಬರೆಯದಿದ್ದುದಕ್ಕೆ ಕ್ಷಮಿಸಿ. ನಮ್ಮ ವೆಬ್‌ಸೈಟ್ ಈ ತಿಂಗಳ ಮೂರರಂದು ಜನರಿಗೆ ತೆರೆಯಿತು. ಪತ್ರ ಯಾರು ಒಡೆಯುತ್ತಾರೆಂದು ಕೇಳಿದ್ದಿರಿ. ನಾನೇ ಒಡೆಯುತ್ತೇನೆ. ಯಾಕೆ ಕೇಳಿದಿರೋ ತಿಳಿಯಲಿಲ್ಲ.

ಈಗ ನಿಮಗೊಂದು ಆಶ್ಚರ್ಯ. ಹುಡುಗಿಯ ಸಂಕೋಚಕ್ಕೆ ಹಾಡು ಬಲಿಯಾಗಬಾರದೆಂದು ನಾನೇ ಕುಳಿತು ಹುಡುಕಿದೆ. ಹೆಡ್‌ಫೋನ್ ಹಾಕಿ ಇಪ್ಪತ್ತು ಸಲ ಕೇಳಿರಬೇಕು. ಆರನೆಯ ನುಡಿಯ ಹಿಂದೆ ಕಂಡಕ್ಟರ್ ಕೂಗುತ್ತಾನೆ: “ಹಾರೋಹಳ್ಳಿ ಇಳ್ಕೊಳ್ಳಿ, ಹಾರೋಹಳ್ಳಿ.” ಅದಾದ ಮೇಲೆ ಫ್ಯಾಕ್ಟರಿಯ ಸೈರನ್. ಊರು ಸಿಕ್ಕಿತು. ಒಂಬತ್ತನೆಯದರ ಕೊನೆಯಲ್ಲಿ ಮನೆಯಾಕೆ ‘ಭಾನೂ’ ಎಂದು ಕರೆಯುತ್ತಾರೆ. ಹೆಸರು ಸಿಕ್ಕಿತು. ಕೊನೆಯ ನುಡಿಯಂತೂ ಎಲ್ಲವನ್ನೂ ಹೇಳಿಬಿಡುತ್ತದೆ:

ಹಿಟ್ಟು ನಿಮ್ಮದು ತಾಯಿ, ಹಾಡು ನಮ್ಮದು ತಾಯಿ
ಕುದೂರ ಸೀಮೆ ಮಾಯವ್ವನ ಮೊಮ್ಮಗಳು
ಕಲ್ಲ ಬಿಟ್ಟೇಳುತಾಳೆ.

ಹಾಗಾಗಿ ದಾಖಲೆ ಪೂರ್ತಿಯಾಯಿತು. ಹಾಡಿದವರು: ಭಾನು. ಕಲಿಸಿದವರು: ಅಜ್ಜಿ ಮಾಯಮ್ಮ, ಕುದೂರು ಸೀಮೆ. ಹಾಡಿದ ಊರು: ಹಾರೋಹಳ್ಳಿ. ಜಿಲ್ಲೆ ಎಂಬಲ್ಲಿ ರಾಮನಗರ ಎಂದು ತುಂಬಿದ ಮೊದಲ ದಾಖಲೆಯೂ ಇದೇ. ನಿಮ್ಮ ಜಿಲ್ಲೆ ಹುಟ್ಟಿ ಇನ್ನೂ ಹದಿನೈದು ದಿನ!

ಬೆಂಗಳೂರಿನ ಪತ್ರಿಕೆಯೊಂದು ಭಾನುವಿನ ದಾಖಲೆಯ ಪುಟವನ್ನೇ ಚಿತ್ರವಾಗಿ ಹಾಕಿದೆ. ತುಣುಕನ್ನು ಲಗತ್ತಿಸಿದ್ದೇನೆ. ಅವಳಿಗೆ ತೋರಿಸಿ. ನೋಡಿದರೆ ಅವಳ ಸಂಕೋಚವೂ ಬಿಟ್ಟೀತು.

ರಾಧಾಮಣಿ

*

ಕನಕಪುರ
14 ಸೆಪ್ಟೆಂಬರ್ 2007
(ಸ್ಪೀಡ್ ಪೋಸ್ಟ್)

ರಾಧಾಮಣಿ,

ನಿನ್ನ ಪತ್ರ ನಿನ್ನೆ ಸಂಜೆ ಬಂತು. ನೀನು ಕೊಟ್ಟಿದ್ದ ನಂಬರಿಗೆ ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದೆ. ಗಣೇಶನ ಹಬ್ಬಕ್ಕೆ ಕಚೇರಿಗೆ ರಜೆಯಂತೆ. ಕಾವಲುಗಾರನಿಗೆ ನನ್ನ ಕನ್ನಡ ತಿಳಿಯದು, ನನಗೆ ಅವನ ಮರಾಠಿ ತಿಳಿಯದು. ನಿನ್ನ ಹೆಸರು ಹೇಳಿ ಹೇಳಿ ಸಾಕಾಯಿತು.

ಆ ದಾಖಲೆಯನ್ನು ತೆಗೆದುಬಿಡು. ಈ ಪತ್ರ ಓದಿದ ಗಳಿಗೆಯಲ್ಲಿ ತೆಗೆ.

ಹುಡುಗಿಗೆ ಸಂಕೋಚವೆಂದು ನಾನು ಬರೆದದ್ದು ಸುಳ್ಳು. ನಿಜವನ್ನು ಕಾಗದದ ಮೇಲೆ ಬರೆಯುವುದಿಲ್ಲವೆಂದು ಗುಲ್ಜಾರ್ ಬೀಗೆ ಮಾತು ಕೊಟ್ಟಿದ್ದೆ. ಈಗ ಬರೆಯದೆ ವಿಧಿಯಿಲ್ಲ. ಅವಳ ಹೆಸರು ಭಾನುಪ್ರಿಯ. ಕುದೂರಿನ ಹತ್ತಿರದ ಊರಿನವಳು. ತೋಟ ಗದ್ದೆ ಇರುವ ಮನೆತನ. ಅದೇ ಊರಿನ ಕಾಲೋನಿಯ ಹುಡುಗ ಮನುವನ್ನು ಮೆಚ್ಚಿ ಹೋದ ವರ್ಷ ಮದುವೆಯಾದಳು. ಅಣ್ಣ ಬಾಲರಾಜು ಇಬ್ಬರನ್ನೂ ಹುಡುಕುತ್ತಿದ್ದಾನೆ. ಒಮ್ಮೆ ಬಿಡದಿಯಲ್ಲಿ ಸಿಕ್ಕಿಬಿದ್ದಿದ್ದರು. ಆಗ ಮುರಿದ ಅವಳ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅದಕ್ಕೇ ಒಂದೇ ಕೈಯಲ್ಲಿ ಬೀಸುತ್ತಾಳೆ. ಸುತ್ತಲಿನವರು ಜನ ಸೇರಿಸಿ ಬಿಡಿಸಿದ್ದರಿಂದ ಅಂದು ಉಳಿದರು. ಈಗ ಮನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿದ್ದಾನೆ. ಅವಳಿಗೆ ಐದು ತಿಂಗಳು.

ಯಾಕಮ್ಮ ಹಾಡಲು ಒಪ್ಪಿದೆ ಎಂದು ನಾನು ಕೇಳಿದ್ದೆ. “ಅಜ್ಜಿ ಬಿಟ್ರೆ ಪೂರಾ ಬರೋದು ನಂಗೊಬ್ಳಿಗೇ ಮೇಷ್ಟ್ರೇ. ನಾನಿರ್ತೀನೋ ಇಲ್ವೋ. ಹಾಡಾದ್ರೂ ಇರ್ಲಿ” ಎಂದಳು.

ಆ ಕೊನೆಯ ನುಡಿ ಅವರ ಮನೆಯದು ಮಾತ್ರ. ಬಾಲರಾಜು ಅದನ್ನು ಕೇಳಿಕೊಂಡೇ ಬೆಳೆದವನು. ಪತ್ರಿಕೆಯ ಆ ಪುಟ ಕುದೂರು ಮಾಗಡಿ ಕಡೆಯ ಹೋಟೆಲುಗಳಲ್ಲೆಲ್ಲ ಬಿದ್ದಿರುತ್ತದೆ.

ನಾನು ಇದನ್ನು ಅಂಚೆಗೆ ಹಾಕಿ ಹಾಗೆಯೇ ಹಾರೋಹಳ್ಳಿ ಬಸ್ಸು ಹತ್ತುತ್ತೇನೆ.

ರಾಮಲಿಂಗಯ್ಯ

*

ಪುಣೆ
19 ಸೆಪ್ಟೆಂಬರ್ 2007

ಮೇಷ್ಟ್ರೇ,

ನಿಮ್ಮ ಪತ್ರ ನಿನ್ನೆ ನನ್ನ ಕೈಗೆ ಬಂತು. ನಿಮ್ಮ ಪಕ್ಕದ ಮನೆಯ ನಂಬರಿಗೆ ಫೋನ್ ಮಾಡಿದೆ. ನೀವು ಶುಕ್ರವಾರ ಹೋದವರು ಬಂದಿಲ್ಲ ಎಂದರು.

ಪುಣೆಯ ಪುಟವನ್ನು ತೆಗೆದಿದ್ದೇನೆ, ಹಾಡನ್ನೂ ತೆಗೆದಿದ್ದೇನೆ. ಆದರೆ ನಮ್ಮ ದಾಖಲೆಗಳು ಪ್ರತಿ ಭಾನುವಾರ ಹೊರದೇಶದ ಎರಡು ಸಂಗ್ರಹಾಲಯಗಳಿಗೆ ನಕಲಾಗಿ ಹೋಗುತ್ತವೆ. ಅಲ್ಲಿಂದ ತೆಗೆಸಲು ಸಮಿತಿ ಕೂಡಬೇಕು. ಯಾವ ಹಾಡೂ ಕಳೆದುಹೋಗಬಾರದು ಎಂದು ಕಟ್ಟಿದ ವ್ಯವಸ್ಥೆ ಇದು. ಅಳಿಸುವ ದಾರಿಯನ್ನೇ ನಾವು ಇಟ್ಟಿರಲಿಲ್ಲ. ಹೆಸರನ್ನು ಅಳಿಸಿದರೆ ಅಜ್ಜಿಯ ಹೆಸರಿನಿಂದ ಹಾಡು ಸಿಗುತ್ತದೆ, ಅಜ್ಜಿಯನ್ನು ಅಳಿಸಿದರೆ ಊರಿನಿಂದ ಸಿಗುತ್ತದೆ. ಎಲ್ಲ ಎಳೆಗಳನ್ನೂ ಒಂದಕ್ಕೊಂದು ಗಂಟು ಹಾಕಿದವಳು ನಾನು. ನಿನ್ನೆಯಿಂದ ಒಂದೊಂದಾಗಿ ಬಿಚ್ಚುತ್ತಿದ್ದೇನೆ.

ಇದಕ್ಕಿಂತ ಕೆಟ್ಟದ್ದನ್ನು ಬರೆಯಬೇಕಾಗಿದೆ. ಹತ್ತನೆಯ ತಾರೀಖು ವೆಬ್‌ಸೈಟಿಗೆ ಒಂದು ವಿಚಾರಣೆ ಬಂದಿತ್ತು. ‘ಈ ಹಾಡು ನಮ್ಮ ಅಜ್ಜಿಯದು. ಹಾಡಿದವರಿಗೆ ಊರಿನ ಪರವಾಗಿ ಸನ್ಮಾನ ಮಾಡಬೇಕೆಂದಿದ್ದೇವೆ. ವಿಳಾಸ ತಿಳಿಸಿ. ಬಾಲರಾಜು, ಕುದೂರು.’ ನನಗೆ ಎಷ್ಟು ಸಂತೋಷವಾಯಿತೆಂದರೆ ಅಂದೇ ಉತ್ತರ ಬರೆದೆ. ನಿಮ್ಮ ಮೊದಲ ಪತ್ರದಲ್ಲಿ ಗುಲ್ಜಾರ್ ಬೀ ಮನೆ, ಬಸ್ ನಿಲ್ದಾಣದ ಹಿಂದೆ ಎಂದಿತ್ತು. ಅದನ್ನೇ ನೋಡಿಕೊಂಡು ಬರೆದೆ. ನಿಮ್ಮ ಹೆಸರನ್ನೂ ಬರೆದೆ, ಕನಕಪುರದ ಮೇಷ್ಟ್ರೊಬ್ಬರು ಹಾಡು ಹಿಡಿದರೆಂದು.

ಅವಳು ಬದುಕಿದ್ದಾಳೆಯೆ? ಒಂದು ಸಾಲು ಬರೆಯಿರಿ.

ರಾಧಾಮಣಿ

*

ಕನಕಪುರ
3 ಅಕ್ಟೋಬರ್ 2007

ರಾಧಾಮಣಿ,

ಬದುಕಿದ್ದಾಳೆ. ಮೊದಲೇ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಬಾಗಿಲ ಕಡೆ ನೋಡುವ ಹಾಗಾಗಿತ್ತು.

ನಿನ್ನ ಪತ್ರ ಸಿಗುವ ಮೊದಲೇ ಅವನು ಬಂದಿದ್ದ. ಹಬ್ಬದ ದಿನ, ಶನಿವಾರ ಬೆಳಗ್ಗೆ ಹನ್ನೊಂದರ ಹೊತ್ತು. ಹಿಂದಿನ ಸಂಜೆಯೇ ನಾನು ಹೋಗಿ ವಿಷಯ ಹೇಳಿ ಊರಲ್ಲೇ ಉಳಿದಿದ್ದೆ. ಮನುವಿನ ಪಾಳಿ ಮುಗಿದ ಮೇಲೆ ಮಧ್ಯಾಹ್ನ ಹೊರಡುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಬಿಳಿ ಓಮ್ನಿಯೊಂದು ಮನೆ ಮುಂದೆ ನಿಂತಿತು. ಗುಲ್ಜಾರ್ ಬೀ ಹುಡುಗಿಯನ್ನು ಒಳಕೋಣೆಗೆ ತಳ್ಳಿ, ಒಣಮೆಣಸಿನಕಾಯಿ ಚೀಲಗಳ ಹಿಂದೆ ಕೂರಿಸಿ, ಬಾಗಿಲಿಗೆ ಪರದೆ ಎಳೆದರು. ಆ ಕೋಣೆಗೆ ಬೇರೆ ಬಾಗಿಲಿಲ್ಲ.

ಬಾಲರಾಜು ಮೂವತ್ತರ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು ಒಳಗೆ ಬಂದ. ಜೊತೆಗೆ ಇಬ್ಬರಿದ್ದರು. ಅವರು ಚಪ್ಪಲಿ ಬಿಡಲಿಲ್ಲ. ಕೂತವನೇ ಮೊಬೈಲು ತೆಗೆದು ಹಾಡು ಹಾಕಿದ. ಸೈಬರ್ ಸೆಂಟರಿನಲ್ಲಿ ತುಂಬಿಸಿಕೊಂಡಿದ್ದನಂತೆ. ಹದಿನೇಳು ನುಡಿಯನ್ನೂ ಕೇಳಿಸಿ, ಮುಗಿದ ಮೇಲೆ ಮತ್ತೆ ಹಾಕಿದ. ಅವಳ ದನಿ ಪಡಸಾಲೆಯಲ್ಲಿತ್ತು, ಅವಳು ಎಂಟು ಅಡಿ ದೂರದಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ಮೆಣಸಿನಕಾಯಿಯ ಘಾಟು ನನ್ನ ಮೂಗಿಗೇ ಬರುತ್ತಿತ್ತು. ಅವಳು ಒಂದು ಸಲ ಕೆಮ್ಮಿದರೆ ಮುಗಿಯಿತು ಎಂಬುದೊಂದೇ ನನ್ನ ತಲೆಯಲ್ಲಿದ್ದುದು.

“ಅಜ್ಜಿಗೆ ಇದ್ನ ಕೇಳಿಸ್ದೆ. ಇದು ನಮ್ ಹುಡ್ಗಿ ದನಿಯಲ್ಲ ಕಣಪ್ಪ ಅಂದ್ಲು” ಎಂದ ಬಾಲರಾಜು. “ಅವತ್ತಿಂದ ಊಟ ಬುಟ್ಟವ್ಳೆ. ಅದ್ಕೇ ನಂಗೆ ಗೊತ್ತಾಗಿದ್ದು.”

ಆಗ ಒಳಗಿನಿಂದ ಗಂಟಲು ಕಟ್ಟಿದಂಥ ಸಣ್ಣ ಸದ್ದು ಬಂತು. ಗುಲ್ಜಾರ್ ಬೀ ಅದೇ ಗಳಿಗೆಗೆ ಕಲ್ಲಿನ ಮುಂದೆ ಕೂತು ಗೂಟ ಹಿಡಿದು ತಿರುಗಿಸಿದರು. ಕಾಳಿಲ್ಲದ ಕಲ್ಲು ಗರಗರ ಅಂದಿತು. ಆಮೇಲೆ ಹಾಡಿದರು, ರಾಧಾಮಣಿ. ಮೊದಲ ನುಡಿಯಿಂದ. ಒಂದು ವರ್ಷ ಪಕ್ಕದಲ್ಲಿ ಕೂತು ಕೇಳಿದ್ದು ಪೂರಾ ಬಾಯಿಗೆ ಬಂದಿತ್ತು. ಅವರ ಕನ್ನಡ ಅಲ್ಲಲ್ಲಿ ಉರ್ದುವಿನ ಕಡೆ ವಾಲುತ್ತದೆ, ಆದರೆ ಎಳೆಯುವ ಕಡೆ ಎಳೆದರು, ನಿಲ್ಲಿಸುವ ಕಡೆ ನಿಲ್ಲಿಸಿದರು. ಒಳಗೆ ಕೆಮ್ಮು ಬಂತೋ ಇಲ್ಲವೋ ಯಾರಿಗೂ ಕೇಳಲಿಲ್ಲ. ಕೊನೆಗೆ ಮಾಯವ್ವನ ಹೆಸರನ್ನೂ ಹೇಳಿ ಕಲ್ಲು ಬಿಟ್ಟರು. ಹಣೆಯೆಲ್ಲ ಬೆವರಾಗಿತ್ತು.

“ಹಾಡಿದ್ದು ನಾನಪ್ಪ” ಎಂದರು. “ಬೀಸಕ್ಕೆ ಬತ್ತಿದ್ದ ಒಂದು ಹುಡ್ಗಿ ಕಲಿಸ್ಕೊಟ್ಲು, ಅದ್ಕೇ ಅವ್ಳ ಹೆಸ್ರೇ ಬರ್ಸಿದ್ದು. ಯುಗಾದಿ ಹಿಂದೇನೇ ಬಿಟ್ಟೋದ್ಲು. ಹೊಸೂರ್ ಕಡೆ ಅಂದಂಗಿತ್ತು.”

ಅವನು ಮೊಬೈಲನ್ನು ಜೇಬಿಗಿಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗಿದ. “ಮೇಷ್ಟ್ರೇ, ನೀವ್ ಹೇಳಿ. ನೀವು ಸುಳ್ ಹೇಳೋ ಜನ ಅಲ್ಲ. ಯಾರು ಹಾಡಿದ್ದು?”

ಮೂವತ್ತಾರು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಪಾಠ ಮಾಡಿದವನು ನಾನು. “ಇವರೇ” ಎಂದೆ.

ಅವನು ಎದ್ದು ಪರದೆಯವರೆಗೆ ಹೋದ. “ಒಳ್ಗೆ ಹೆಣ್ಮಕ್ಳು ಬಟ್ಟೆ ಇರ್ತದೆ” ಎಂದರು ಗುಲ್ಜಾರ್ ಬೀ, ಕೂತಲ್ಲಿಂದಲೇ, ಸಣ್ಣ ದನಿಯಲ್ಲಿ. ಪರದೆಯನ್ನು ಮುಟ್ಟಿದ್ದ ಕೈ ಹಿಂದೆ ಬಂತು. ನಂಬಿ ಬಿಟ್ಟನೋ, ಹಬ್ಬದ ದಿನ ನಾಲ್ಕು ಜನರ ಕಣ್ಣಿದೆ ಎಂದು ಬಿಟ್ಟನೋ, ಅಥವಾ ನಿಜವಾಗಿಯೂ ಅವಳು ಎದುರಾದರೆ ಏನು ಮಾಡಬೇಕಾಗುತ್ತದೋ ಎಂಬ ಹೆದರಿಕೆ ಅವನಿಗೂ ಇತ್ತೋ, ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದ: “ಇನ್ನೊಂದ್ ಸಲ ಬತ್ತೀನಿ ಕಣಮ್ಮ. ಆವಾಗ ಹಾಡು ಕೇಳಕ್ಕಲ್ಲ.”

ಜೊತೆಯವನೊಬ್ಬ ಬಸ್ ನಿಲ್ದಾಣದಲ್ಲೇ ಉಳಿದ. ಮೂರು ಗಂಟೆಗೆ ಭಾನು ಗುಲ್ಜಾರ್ ಬೀಯ ಬುರ್ಖಾ ತೊಟ್ಟು, ಆಟೋದಲ್ಲಿ ಅವನ ಮುಂದೆಯೇ ಹೋದಳು. ಮನು ಫ್ಯಾಕ್ಟರಿಯ ಹಿಂದಿನ ಗೇಟಿನಿಂದ ಹೊರಟು ದಾರಿಯಲ್ಲಿ ಸೇರಿಕೊಂಡನಂತೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಯಾರಾದರೂ ನನ್ನನ್ನು ಹಿಡಿದು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇರಬಾರದು. ಗುಲ್ಜಾರ್ ಬೀ ಒಬ್ಬರೇ ಇರುವುದು ಬೇಡವೆಂದು ನಾನೂ ಒಂದು ವಾರ ಹತ್ತಿರದ ಹಳೆಯ ಸಹೋದ್ಯೋಗಿಯ ಮನೆಯಲ್ಲಿದ್ದು ಹಗಲೆಲ್ಲ ಅವರ ಜಗಲಿಯಲ್ಲಿ ಕೂತೆ. ಅವನು ಬರಲಿಲ್ಲ.

ನಿನ್ನನ್ನು ನೀನು ಬೈದುಕೊಳ್ಳಬೇಡ. ಆ ಮನೆಯ ಗುರುತನ್ನು ನಿನಗೆ ಬರೆದವನು ನಾನು. ನಿಜ ಹೇಳದೆ ಸಂಕೋಚ ಎಂದವನೂ ನಾನು.

ರಾಮಲಿಂಗಯ್ಯ

*

ಪುಣೆ
20 ಆಗಸ್ಟ್ 2008

ಪೂಜ್ಯ ಮೇಷ್ಟ್ರಿಗೆ,

ಹೊರದೇಶದ ಎರಡೂ ಕಡೆಯಿಂದ ಹಾಡು ಹೋಯಿತು. ಹನ್ನೊಂದು ತಿಂಗಳು ಹಿಡಿಯಿತು. ಈಗ ಎಲ್ಲೂ ಇಲ್ಲ, ಬಾಲರಾಜುವಿನ ಮೊಬೈಲು ಮತ್ತು ನನ್ನ ಮೇಜಿನ ಬೀಗದೊಳಗಿನ ನಿಮ್ಮ ಸೀಡಿಯನ್ನು ಬಿಟ್ಟರೆ.

ಫಾರಂ ಬದಲಾಗಿದೆ. ಹೆಸರು, ಊರು ಎರಡರ ಮುಂದೆಯೂ ‘ಹೇಳುವಂತಿಲ್ಲ’ ಎಂದು ಬರೆಯಬಹುದು, ಕಾರಣ ಕೊಡಬೇಕಾಗಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯದ ಹಿರಿಯರೊಬ್ಬರು ನಮ್ಮ ಸಮಿತಿಯಲ್ಲಿದ್ದಾರೆ. ಯಾವ ಹಾಡನ್ನು ಯಾರು ಕೇಳಬಹುದು, ಯಾರು ಕೇಳಬಾರದು ಎಂಬುದಕ್ಕೆ ಒಂದು ಕಾಲಂ ಬೇಕೆಂದು ಅವರು ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಪ್ರತಿ ಸಲವೂ ವಿರೋಧಿಸಿದವಳು ನಾನು. ಮುಚ್ಚಿಡುವುದಾದರೆ ಸಂಗ್ರಹ ಯಾಕೆ ಎಂದಿದ್ದೆ. ಈ ಸಲ ನಾನು ಕೈ ಎತ್ತಿದಾಗ ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಬಾಲರಾಜು ಈ ವರ್ಷದಲ್ಲಿ ನಾಲ್ಕು ಸಲ ಬರೆದಿದ್ದಾನೆ. ಹಾಡು ಯಾಕೆ ತೆಗೆದಿರಿ, ಹಾಡಿದವರು ಈಗ ಎಲ್ಲಿದ್ದಾರೆ. ಪ್ರತಿ ಸಲ ‘ಮಾಹಿತಿ ಇಲ್ಲ’ ಎಂದು ಉತ್ತರಿಸಿ ಕೈ ತೊಳೆದುಕೊಂಡು ಬರುತ್ತೇನೆ.

ಹೋದ ವಾರ ಇನ್ನೊಂದು ಬಂತು. ಹೆಸರಿಲ್ಲ, ಊರಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದ ಕನ್ನಡ. ‘ಬೀಸೋ ಪದ ನಿಮ್ಮಲ್ಲಿತ್ತು, ಈಗ ಕಾಣಿಸ್ತಿಲ್ಲ. ಮಗು ಮಲಗಿಸೋವಾಗ ಹಾಡ್ತೀನಿ. ಹೆದರಿಕೇಲಿ ನಡುವಿನ ನಾಲ್ಕು ನುಡಿ ಮರೆತುಹೋಗಿದೆ. ದಯವಿಟ್ಟು ಕಳಿಸಿ.’ ಕೆಳಗೊಂದು ಇಮೇಲ್ ವಿಳಾಸ.

ಅವಳೇ ಇರಬೇಕು ಎನಿಸುತ್ತದೆ. ಮರುಕ್ಷಣ ಅವನೇ ಎನಿಸುತ್ತದೆ. ಸನ್ಮಾನ ಎಂದು ಬರೆದವನಿಗೆ ಮಗು ಎಂದು ಬರೆಯಲು ಬರುವುದಿಲ್ಲವೆ? ಕಳಿಸಿದರೆ ಹಾಡು ಇನ್ನೂ ನಮ್ಮಲ್ಲಿದೆ, ನಮಗೆ ಅವಳ ಸುಳಿವಿದೆ ಎಂದು ಅವನಿಗೆ ಹೇಳಿದಂತೆ. ಕಳಿಸದಿದ್ದರೆ, ಅವಳ ಹಾಡನ್ನೇ ಅವಳಿಂದ ಕಿತ್ತುಕೊಂಡಂತೆ. ಎಂಟು ದಿನದಿಂದ ಆ ಪುಟವನ್ನು ತೆರೆಯುತ್ತೇನೆ, ಮುಚ್ಚುತ್ತೇನೆ. ಏನು ಮಾಡಲಿ ಮೇಷ್ಟ್ರೇ?

ರಾಧಾಮಣಿ

*

ಕನಕಪುರ
6 ಸೆಪ್ಟೆಂಬರ್ 2008

ರಾಧಾಮಣಿ,

ಉತ್ತರ ಬರೆಯಬೇಡ. ಯಾರೆಂದು ತಿಳಿಯದವರಿಗೆ ಒಂದಕ್ಷರವೂ ಬೇಡ.

ನಿನ್ನ ಪತ್ರವನ್ನು ಹಾರೋಹಳ್ಳಿಗೆ ಒಯ್ದು ಗುಲ್ಜಾರ್ ಬೀಗೆ ಓದಿ ಹೇಳಿದೆ. ಹುಡುಗಿಯ ಸುದ್ದಿ ಅವರಿಗೂ ಇಲ್ಲ. ನಿಮ್ಮ ಡಬ್ಬಿ ತಂದಿದ್ದೀರಾ ಎಂದು ಅವರೇ ಕೇಳಿದರು. ರೆಕಾರ್ಡರ್ ಚೀಲದಲ್ಲೇ ಇತ್ತು.

ಕಲ್ಲಿಗೆ ಕಾಳು ಹಾಕಿ, ಹದಿನೇಳು ನುಡಿಯನ್ನೂ ಹಾಡಿದರು. ನಡುವಿನ ನಾಲ್ಕು ನುಡಿಗಳನ್ನು ಎರಡೆರಡು ಸಲ, ನಿಧಾನವಾಗಿ, ಮಕ್ಕಳಿಗೆ ಹೇಳಿಕೊಡುವ ಹಾಗೆ ಹಾಡಿದರು. ಸೀಡಿ ಇದರೊಂದಿಗಿದೆ. ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕು. ಯಾರಿಗೆ ಬೇಕೋ ಅವರು ಕೇಳಿಕೊಳ್ಳಲಿ. ಅವಳಿಗೆ ಸಿಗುತ್ತದೋ ಇಲ್ಲವೋ ನಮಗೆ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ.

ಆಮೇಲೆ ಫಾರಂ ತೆಗೆದೆ. ಈಗ ‘ಹೇಳುವಂತಿಲ್ಲ’ ಎಂದು ಬರೆಯಬಹುದು, ನಿಮ್ಮ ಹೆಸರು ಬರೆಯುವುದಿಲ್ಲ, ಊರೂ ಬರೆಯುವುದಿಲ್ಲ ಎಂದು ಅವರಿಗೆ ಹೇಳಿದೆ. ಅವನು ಇನ್ನೊಂದು ಸಲ ಬರುತ್ತೇನೆಂದು ಹೇಳಿ ಹೋಗಿರುವುದನ್ನು ನೆನಪಿಸಿದೆ. ಅವರು ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಬಟ್ಟೆಯಲ್ಲಿ ಒತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಬರೀರಿ ಮೇಷ್ಟ್ರೇ. ಗುಲ್ಜಾರ್ ಬೀ, ಹಾರೋಹಳ್ಳಿ. ಬಸ್ ಸ್ಟ್ಯಾಂಡ್ ಹಿಂದೆ, ಮನೆ ನಂಬರೂ ಹಾಕಿ. ಹುಡುಕೋನು ಅವ್ಳತ್ರ ಹೋಗೋದ್ ಬ್ಯಾಡ, ಇಲ್ಲಿಗೇ ಬರ್ಲಿ.”

ನನಗೆ ಬೇಡವೆನಿಸಿತು. ಎರಡು ಸಲ ಪೆನ್ನು ಕೆಳಗಿಟ್ಟೆ. ಅವರು ಕಾದರು. ಕೊನೆಗೆ ಅವರು ಹೇಳಿದ ಹಾಗೆಯೇ ತುಂಬಿದ್ದೇನೆ. ಅಕ್ಷರ ಸೊಟ್ಟಗಾಗಿದೆ, ನೋಡಿ ಓದಿಕೋ.

ರಾಮಲಿಂಗಯ್ಯ